ಕಾಲರ್ ಕೆಳಗಿನ ಅರಿಶಿನ

"ಟಾರ್ಚು ಅಲ್ಲಾಡಿಸಬೇಡಿ ಮಹದೇವಸ್ವಾಮಿ. ಸ್ವಲ್ಪ ಉಸಿರು ಬಿಗಿ ಹಿಡೀರಿ."

"ಹಿಡಿದೂ ಹಿಡಿದೂ ನಾನೇ ಒಂದು ಗೊಂಬೆ ಆಗ್ಬುಟ್ಟೆ ಮೇಡಂ," ಎಂದು ಹೆಡ್ ಕಾನ್‌ಸ್ಟೆಬಲ್ ಗೊಣಗಿದರು. ಆದರೂ ಬೆಳಕು ನಿಂತಿತು.

ಸಬ್ ಇನ್‌ಸ್ಪೆಕ್ಟರ್ ನಯನಾ ಸ್ಟೂಲಿನ ಮೇಲೆ ಹತ್ತಿ, ಗೊಂಬೆಗೆ ತೊಡಿಸಿದ್ದ ಉದ್ದನೆಯ ಕೋಟಿನ ಕಾಲರನ್ನು ಎರಡು ಬೆರಳಲ್ಲಿ ಮೇಲೆತ್ತಿದಳು. ಕಾಲರಿನ ಒಳಮಗ್ಗುಲಲ್ಲಿ, ಉಣ್ಣೆ ಮುಗಿದು ಕೆಂಪು ರೇಷ್ಮೆಯ ಲೈನಿಂಗ್ ಶುರುವಾಗುವ ಮೂಲೆಯಲ್ಲಿ, ತೊಗರಿಬೇಳೆಯಷ್ಟು ಒಂದು ಹಳದಿ ಚುಕ್ಕೆ ಇತ್ತು.

ಈ ಕೋಟು ಕಳುವಾಗಿದೆ ಎಂದು ದೂರು ಬಂದು ಇವತ್ತಿಗೆ ನಾಲ್ಕನೇ ದಿನ. ಕೋಟು ಮಾತ್ರ ಇದ್ದಲ್ಲೇ ಇತ್ತು.

ದೂರು ಕೊಟ್ಟವಳು ಲಹರಿ. ಮೈಸೂರಿನಲ್ಲೇ ಹುಟ್ಟಿ, ಹೊರದೇಶಗಳಲ್ಲಿ ಹೆಸರು ಮಾಡಿದ ವಸ್ತ್ರ ವಿನ್ಯಾಸಕಿ. ಎಲೆ ಉದುರುವ ಕಾಲಕ್ಕೂ ಚಳಿಗಾಲಕ್ಕೂ ಅಂತ ತಾನು ಮಾಡಿದ ಏಳು ಕೋಟುಗಳನ್ನು ಯಾದವಗಿರಿಯ ಈ ಹಳೇ ಬಂಗಲೆಯಲ್ಲಿ 'ಮಾಗಿ' ಎಂಬ ಹೆಸರಿನಲ್ಲಿ ಪ್ರದರ್ಶನಕ್ಕಿಟ್ಟಿದ್ದಳು. ಒಂದು ಬೆಳಗ್ಗೆ ಬಂದವಳೇ ನಡುಮನೆಯ ಕೋಟಿನ ಮುಂದೆ ನಿಂತು, "ಇದು ನನ್ನದಲ್ಲ. ಯಾರೋ ಬದಲಾಯಿಸಿದ್ದಾರೆ. ಇದು ನಕಲು," ಎಂದಿದ್ದಳು.

ಬೀಗ ಒಡೆದಿರಲಿಲ್ಲ. ಕ್ಯಾಮೆರಾ ಇದ್ದದ್ದು ಗೇಟಿನಲ್ಲಿ ಮಾತ್ರ. ಬೀಗದ ಕೈ ಇರುತ್ತಿದ್ದದ್ದು ಕಾವಲುಗಾರ ಮಂಟೇಸ್ವಾಮಿಯ ಸೊಂಟದಲ್ಲಿ. ಅವನನ್ನು ದಿನವೂ ಬೆಳಗ್ಗೆ ಸ್ಟೇಷನ್ನಿಗೆ ಕರೆಸಿ, ಬೆಂಚಿನ ಮೇಲೆ ಕೂರಿಸಿ, ಕತ್ತಲಾದ ಮೇಲೆ ಮನೆಗೆ ಕಳಿಸುತ್ತಿದ್ದರು. ಲಹರಿಯ ಪಾಲುದಾರ ದಿಲೀಪ್ ಸೇರಿ ಉಳಿದವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: ಕೋಟು ಅದೇ ಕೋಟು, ಲಹರಿಗೆ ತಲೆ ಕೆಟ್ಟಿದೆ.

ನಯನಾಳ ಜೇಬಿನಲ್ಲಿ ಫೋನು ನಡುಗಿತು. ಇನ್‌ಸ್ಪೆಕ್ಟರ್ ವಿಶ್ವನಾಥ್.

"ಏನ್ರೀ ನಯನಾ, ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ದು ಮುಗೀತಾ?"

"ಸಾರ್, ಲ್ಯಾಬಿನವರು ಇನ್ನೂ ಹದಿನೈದು ದಿನ ಬೇಕು ಅಂತಿದಾರೆ..."

"ಲ್ಯಾಬು ಕಟ್ಕೊಂಡು ನಂಗೇನಾಗ್ಬೇಕು? ಸಂಜೆ ವಿಮಾನಕ್ಕೆ ಕೋಟೆಲ್ಲ ಮಂಡಕಳ್ಳಿ ಏರ್‌ಪೋರ್ಟಿಗೆ ಹೋಗುತ್ತೆ. ಯಾವುದೋ ಮ್ಯೂಸಿಯಂ ತಗೊಂಡಿದೆಯಂತೆ. ಅಷ್ಟರೊಳಗೆ ಇದು ನಕಲಿ ಅನ್ನೋಕೆ ಒಂದು ಸಾಕ್ಷಿ ಕೊಡಿ, ಆ ಮಂಟೇಸ್ವಾಮಿನ ಅರೆಸ್ಟ್ ಮಾಡಿ ಕೋರ್ಟಿಗೆ ಹಾಜರುಪಡಿಸ್ತೀನಿ. ಕೊಡಕ್ಕಾಗಲ್ವಾ, ಸುಳ್ಳು ದೂರು ಅಂತ ಮುಚ್ಚಾಕಿ. ಎರಡರಲ್ಲೊಂದು. ಇನ್ನೊಂದು ದಿನ ಆ ಮನುಷ್ಯನ್ನ ಬೆಂಚ್ ಮೇಲೆ ಕೂರಿಸಿದ್ರೆ ನಮ್ಮ ಮೇಲೇ ಕಂಪ್ಲೇಂಟ್ ಬರುತ್ತೆ."

ಸಾರ್, ಎನ್ನುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ನಯನಾಳಿಗೆ ರೇಗಿದ್ದು ಇನ್‌ಸ್ಪೆಕ್ಟರ್ ಮೇಲಲ್ಲ. ತನ್ನ ಮೇಲೆ. ಯಾಕೆಂದರೆ ಲಹರಿಯ ಮಾತನ್ನು ನಂಬಿದ ಒಬ್ಬಳೇ ಒಬ್ಬಳು ಅವಳು. ಯಾಕೆ ನಂಬಿದೆ ಎಂದು ಕೇಳಿದರೆ ಮಹಜರಿನಲ್ಲಿ ಬರೆಯುವಂಥ ಒಂದು ವಾಕ್ಯವೂ ಅವಳ ಹತ್ತಿರ ಇರಲಿಲ್ಲ.

ಉದ್ಘಾಟನೆಯ ದಿನ ಬಂದೋಬಸ್ತಿಗೆಂದು ಬಂದಿದ್ದಳು. ಒಳಗೆ ಏಸಿ ಹಾಕಿ ಹಾಕಿ ಚಳಿ ಹುಟ್ಟಿಸಿದ್ದರು. ಬಂದವರೆಲ್ಲ ಸೆರಗು ಹೊದ್ದುಕೊಂಡು ಓಡಾಡುತ್ತಿದ್ದರು. "ಇದನ್ನ ಹಾಕ್ಕೊಂಡು ದೇವರಾಜ ಮಾರ್ಕೆಟ್ಟಿಗೆ ಹೋದ್ರೆ ಸೊಪ್ಪು ತರೋದ್ರೊಳಗೆ ನಾವೇ ಬೆಂದಿರ್ತೀವಿ ಮೇಡಂ," ಎಂದು ಮಹದೇವಸ್ವಾಮಿ ಕಿವಿಯಲ್ಲಿ ಹೇಳಿದಾಗ ಅವಳಿಗೆ ನಗು ತಡೆಯಲಾಗಿರಲಿಲ್ಲ.

ಆ ನಗು ನಡುಮನೆಗೆ ಬಂದಾಗ ನಿಂತುಹೋಯಿತು.

ಅಲ್ಲಿನ ಕೋಟಿನ ಬುಡದಲ್ಲಿ 'ಉದುರೆಲೆ' ಎಂದು ಬರೆದಿತ್ತು. ಭುಜದ ಮೇಲೆ ಎಲೆಗಳು ದಟ್ಟ. ಒಂದೊಂದನ್ನೂ ಉಣ್ಣೆಯಿಂದ, ಹಳೇ ರೇಷ್ಮೆ ಸೀರೆಗಳ ಚೂರಿನಿಂದ ಕತ್ತರಿಸಿ ಹೊಲಿದಿದ್ದರು. ತೇಗದೆಲೆ ಒಣಗುವಾಗಿನ ಕಂದು, ಬಾದಾಮಿ ಮರ ಎಲೆ ಉದುರಿಸುವ ಮುಂಚೆ ತಾಳುವ ಕೆಂಪು. ಸೊಂಟದ ಹತ್ತಿರ ಬರುವಷ್ಟರಲ್ಲಿ ಎಲೆಗಳು ವಿರಳವಾಗಿ, ಕೋಟಿನ ಅಂಚಿನಲ್ಲಿ ಒಂದೇ ಒಂದು ಎಲೆ, ಒಂದೇ ದಾರದಲ್ಲಿ ನೇತಾಡುತ್ತಿತ್ತು. ಪಕ್ಕದಲ್ಲಿ ಯಾರಾದರೂ ಹಾದುಹೋದರೆ ಅದು ನಡುಗುತ್ತಿತ್ತು. ಬಿದ್ದೇಬಿಡುತ್ತದೆ ಎಂದು ನಯನಾಳ ಕೈ ತಾನಾಗಿಯೇ ಮುಂದೆ ಹೋಗಿತ್ತು, ಹಿಡಿಯಲು. ಲಾಠಿ ಹಿಡಿದ ಕೈ.

ಮೈಸೂರಿನ ಮರಗಳು ಎಲ್ಲವೂ ಒಟ್ಟಿಗೆ ಎಲೆ ಉದುರಿಸುವುದಿಲ್ಲ. ಒಂದು ಬೋಳಾಗುವಾಗ ಪಕ್ಕದ್ದು ಚಿಗುರುತ್ತಿರುತ್ತದೆ. ಇಡೀ ಊರಿಗೆ ಊರೇ ಒಮ್ಮೆಗೇ ಬೋಳಾಗಿ ನಿಂತರೆ ಹೇಗಿರಬಹುದು ಎಂಬುದು ಅವಳಿಗೆ ಮೊದಲ ಬಾರಿ ಹೊಳೆದದ್ದು ಒಂದು ಬಟ್ಟೆಯನ್ನು ನೋಡಿ. ಬಟ್ಟೆಯನ್ನು ಇಷ್ಟು ಹೊತ್ತು ನೋಡಬಹುದು ಎಂದೂ ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ದೂರು ಬಂದ ಮೇಲೆ ಅದೇ ಕೋಟಿನ ಮುಂದೆ ದಿನವೂ ನಿಲ್ಲುತ್ತಿದ್ದಳು. ಎಲೆ ಈಗಲೂ ನಡುಗುತ್ತಿತ್ತು. ಕೈ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಲಹರಿ ಹೇಳಿದ್ದು ನಿಜ, ಜೀವ ಇಲ್ಲ ಇದರಲ್ಲಿ ಎನ್ನಿಸುತ್ತಿತ್ತು. ಆದರೆ 'ಜೀವ ಇಲ್ಲ' ಎಂದು ನ್ಯಾಯಾಧೀಶರ ಮುಂದೆ ಹೇಳುವುದುಂಟೆ?

ಈಗ ಸಿಕ್ಕಿದ್ದು ಹೇಳಬಹುದಾದ ವಿಷಯ.

"ಇದೇನು ಕಾಣಿಸ್ತಿದೆ ಹೇಳಿ," ಎಂದಳು.

ಮಹದೇವಸ್ವಾಮಿ ಕನ್ನಡಕ ಹಣೆಗೇರಿಸಿ ಇಣುಕಿದರು. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ಆದ್ರೆ ಇದು ಹಳದೀನೇ. ಅರಿಶಿನ ಕಣ್ ಮೇಡಂ. ನಮ್ಮನೇಲಿ ಹೊಸ ಬಟ್ಟೆಗೆ ಹಚ್ತಾರಲ್ಲ, ಅಂಗೇ ಐತೆ."

ನಯನಾಳ ಮನೆಯಲ್ಲೂ ಹಾಗೇ. ಹೊಸ ಸಮವಸ್ತ್ರ ಬಂದ ದಿನ ಅವಳ ತಾಯಿ ಮಹದೇವಮ್ಮ ಖಾಕಿ ಷರ್ಟಿನ ಮೂಲೆಗೂ ಒಂದು ಬೆರಳು ಅರಿಶಿನ ಮುಟ್ಟಿಸಿಯೇ ಮಗಳ ಕೈಗೆ ಕೊಟ್ಟಿದ್ದರು. ಅರಿಶಿನ ಮುಟ್ಟದ ಹೊಸ ಬಟ್ಟೆ ಮೈಮೇಲೆ ಬೀಳಬಾರದು. ಇದಕ್ಕೆ ಕಾರಣ ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ಆದರೆ ಲಹರಿಯ ಕಾರ್ಖಾನೆಯಲ್ಲಿ ಅದು ನಿಷಿದ್ಧ. ಮಂಡಿ ಮೊಹಲ್ಲಾದ ಆ ಮಹಡಿಯ ಬಾಗಿಲ ಮೇಲೆ ದೊಡ್ಡದಾಗಿ ಬರೆಸಿದ್ದನ್ನು ನಯನಾ ಕಣ್ಣಾರೆ ನೋಡಿದ್ದಳು: ಅರಿಶಿನ, ಕುಂಕುಮ, ಕಾಫಿ ಒಳಗೆ ತರಬಾರದು. "ಇವು ಬಟ್ಟೆಗಳಲ್ಲ ನಯನಾ, ಚಿತ್ರಗಳು," ಎಂದಿದ್ದಳು ಲಹರಿ. "ಚಿತ್ರಕ್ಕೆ ಯಾರಾದ್ರೂ ಅರಿಶಿನ ಹಚ್ತಾರಾ?"

ಅಂದರೆ ಅರಿಶಿನ ಇರುವ ಕೋಟು ಅಲ್ಲಿ ಹೊಲಿದದ್ದಲ್ಲ. ಬೇರೆಲ್ಲೋ, ಬೇರೆ ಯಾರೋ ನಕಲು ಹೊಲಿದು, ಕೈ ರೂಢಿಯಿಂದ ಅರಿಶಿನ ಮುಟ್ಟಿಸಿದ್ದಾರೆ. ಎಷ್ಟೇ ಜಾಣ ಕಳ್ಳನಾದರೂ ಮಾಡುವ ತಪ್ಪು ಇದು. ತಾನು ಮಾಡುತ್ತಿದ್ದೇನೆ ಎಂಬುದೇ ಗೊತ್ತಾಗದ ತಪ್ಪು.

ಸ್ಟೂಲಿನಿಂದ ಇಳಿಯುವಾಗ ಅವಳಿಗೆ ಮಂಟೇಸ್ವಾಮಿಯ ಮುಖ ನೆನಪಾಯಿತು. ಈ ಸಾಕ್ಷಿ ಮೊದಲು ಹಿಡಿದುಕೊಡುವುದು ಅವನನ್ನೇ. ಬೆಂಚಿನ ಮೇಲೆ ಕೂತು, ಯಾರು ಹಾದುಹೋದರೂ ಎದ್ದು ನಿಲ್ಲುವ ಆ ಮನುಷ್ಯ ಕಳ್ಳನೆಂದು ಅವಳಿಗೆ ಅನ್ನಿಸಿರಲಿಲ್ಲ. ಅನ್ನಿಸುವುದು ಬಿಡುವುದು ಈಗ ಯಾರಿಗೆ ಬೇಕು?

"ಶಾರದಮ್ಮ ಬಂದಿದಾರಾ?"

"ಆಗ್ಲೇ ಬಂದು ಹಿಂದ್ಗಡೆ ಕೂತವ್ರೆ. ಪೆಟ್ಟಿಗೆಗೆ ಹಾಕೋ ಗವಸು ಹೊಲೀತಾ."

ಶಾರದ, ಲಹರಿಯ ಕಾರ್ಖಾನೆಯ ಕಸೂತಿ ಹೆಂಗಸರಿಗೆಲ್ಲ ಮುಖ್ಯಸ್ಥೆ. ಮಂಟೇಸ್ವಾಮಿಯ ಹೆಂಡತಿ. ಬೋಗಾದಿಯ ಬಾಡಿಗೆ ಮನೆಯಿಂದ ಗಂಡ ಹೆಂಡತಿ ಒಂದೇ ಸ್ಕೂಟರಿನಲ್ಲಿ ಬರುತ್ತಿದ್ದರಂತೆ. ಈಗ ಅವಳೊಬ್ಬಳೇ ಬಸ್ಸಿನಲ್ಲಿ ಬಂದು, ಸ್ಟೇಷನ್ನಿನಲ್ಲಿ ಬುತ್ತಿ ಕೊಟ್ಟು, ಇಲ್ಲಿಗೆ ಬರುತ್ತಿದ್ದಳು.

ಒಳಗೆ ಬಂದವಳು ಕೋಟಿನ ಕಡೆ ನೋಡಲಿಲ್ಲ. ನಯನಾಳನ್ನೇ ನೋಡಿದಳು.

"ನಮ್ಮೋರು ಬುತ್ತಿ ಮುಟ್ಲೇ ಇಲ್ಲ ಮೇಡಂ. ಮುದ್ದೆ ಅಂಗೇ ವಾಪಸ್ ಕಳಿಸವ್ರೆ."

"ಕೂತ್ಕೊಳ್ಳಿ. ಒಂದೇ ಮಾತು ಕೇಳ್ತೀನಿ, ಯೋಚನೆ ಮಾಡಿ ಹೇಳಿ." ನಯನಾ ಕಾಲರ್ ಎತ್ತಿದಳು. ಮಹದೇವಸ್ವಾಮಿ ಬೆಳಕು ಬಿಟ್ಟರು. "ನಿಮ್ಮ ಕಾರ್ಖಾನೇಲಿ ಅರಿಶಿನ ಇಟ್ಕೊಳ್ಳೋ ಹಾಗಿಲ್ಲ. ಇದರಲ್ಲಿ ಅರಿಶಿನ ಇದೆ. ಅಂದ್ಮೇಲೆ ಇದು ನೀವು ಹೊಲಿದ ಕೋಟಲ್ಲ. ಹೌದಾ?"

ಶಾರದ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಹೌದೂಂದ್ರೆ?"

"ಹೌದೂಂದ್ರೆ ಇದು ನಕಲಿ. ಕೋಟು ಬದಲಾಗಿದೆ ಅಂತ ಆಯ್ತು. ಬೀಗದ ಕೈ ಯಾರ ಹತ್ರ ಇತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು."

"ಅಲ್ಲಾಂದ್ರೆ?"

"ಅಲ್ಲಾಂದ್ರೆ ಈ ಅರಿಶಿನ ಎಲ್ಲಿಂದ ಬಂತು ಅಂತ ಹೇಳ್ಬೇಕು."

ಅತ್ತ ದರಿ, ಇತ್ತ ಪುಲಿ. ಏಸಿಯ ಗಾಳಿಗೆ ಅಂಚಿನ ಎಲೆ ನಡುಗುತ್ತಿತ್ತು. ಮಹದೇವಸ್ವಾಮಿ ಕೆಮ್ಮಿದರು.

"ಲಹರಿ ಮೇಡಂಗೆ ಹೇಳ್ಬ್ಯಾಡಿ," ಎಂದಳು ಶಾರದ ಕೊನೆಗೆ. "ಕೆಲಸದಿಂದ ತೆಗೆದಾಕ್ತಾರೆ."

"ಏನಂತ ಹೇಳ್ಬಾರದು?"

"ನಾನೇ ಹಚ್ಚಿದ್ದು."

ನಯನಾ ಕಾಲರನ್ನು ಕೈಬಿಟ್ಟಳು.

"ಕೀರ್ತಿ ಅಂತ ಒಂದು ಹೆಣ್ಣುಮಗು ಬಂದಿತ್ತು ಮೇಡಂ, ಕೋಟು ಹಾಕ್ಕೊಂಡು ಅಳತೆ ನೋಡೋಕೆ, ಫೋಟೋ ತೆಗೆಸ್ಕೊಳ್ಳೋಕೆ. ಇವ್ರು ಚಿತ್ರ ಅಂತಾರೆ, ಸರಿ. ಗೋಡೆಗೆ ನೇತಾಕೋ ಗಂಟ ಚಿತ್ರ. ಮೈಮೇಲೆ ಬಿತ್ತು ಅಂದ್ರೆ ಬಟ್ಟೆ ತಾನೆ? ಯಾರ ಮನೆ ಮಗಳೋ, ಹೊಸ ಬಟ್ಟೇನ ಅರಿಶಿನ ಇಲ್ದೆ ಎಂಗೆ ಹಾಕಿಸ್ಲಿ? ನಾಳೆ ಆ ಮಗೀಗೆ ಏನಾದ್ರೂ ಆದ್ರೆ ಯಾರ ತಲೆ ಮೇಲೆ ಬತ್ತದೆ? ತಾಳಿಗೆ ಹಚ್ಕೊಂಡಿದ್ದ ಅರಿಶಿನಾನೇ ಬೆರಳಲ್ಲಿ ತೊಡೆದು, ಕಾಲರ್ ಕೆಳಗೆ ಹಚ್ಬುಟ್ಟೆ. ಯಾರಿಗೂ ಕಾಣ್ದಂಗೆ."

"ಯಾವುದಕ್ಕೆ? ಇದೊಂದಕ್ಕಾ?"

"ಒಂದಕ್ಕೆ ಹಚ್ಚಿ ಒಂದಕ್ಕೆ ಬುಡೋಕಾದೀತಾ? ಆ ಮಗು ಏಳೂ ಹಾಕ್ಕೊಂಡಿತ್ತು. ಏಳಕ್ಕೂ ಹಚ್ಚಿದೆ. ಇದು ನಮ್ಮ ಕೋಟೇ ಮೇಡಂ. ಯಾವ ಕಳ್ಳನೂ ಬಂದಿಲ್ಲ, ಯಾರೂ ಬದಲಾಯಿಸಿಲ್ಲ. ನಮ್ಮೋರನ್ನ ಮನೆಗೆ ಕಳಿಸ್ಬುಡಿ."

ನಾಲ್ಕು ದಿನದಲ್ಲಿ ಸಿಕ್ಕ ಒಂದೇ ಒಂದು ಸಾಕ್ಷಿ ನಯನಾಳ ಕೈಯಲ್ಲಿ ಬೆಣ್ಣೆಯ ಹಾಗೆ ಕರಗಿಹೋಯಿತು. ಗಂಡನನ್ನು ಉಳಿಸಿಕೊಳ್ಳಲು ಕಟ್ಟಿದ ಕತೆ ಇರಬಹುದು. ಸುಮ್ಮನೆ ನಂಬುವ ಹಾಗಿಲ್ಲ. ಕೀರ್ತಿಯ ನಂಬರು ಹುಡುಕಿಸಿ ಫೋನು ಹಚ್ಚಿದಳು.

ಕೀರ್ತಿ ಕಾಲೇಜಿನಲ್ಲಿದ್ದಳು. ಹಿಂದೆ ಹುಡುಗಿಯರ ಗಲಾಟೆ.

"ಅಯ್ಯೋ, ಅರಿಶಿನಾನಾ? ಹೂಂ ಮೇಡಂ, ಪ್ರತಿ ಕೋಟು ಹಾಕೋಕ್ಮುಂಚೆ ಆಂಟಿ ಆ ಕಡೆ ಈ ಕಡೆ ನೋಡಿ ಹಚ್ಚೋರು. ನಾನು ಸಖತ್ ನಗಾಡ್ತಿದ್ದೆ. ಏಳಕ್ಕೂ ಹಚ್ಚಿದ್ರು ಕಣ್ರೀ. ಏನಾಯ್ತು, ಆಂಟಿಗೆ ಬೈದ್ರಾ?"

ನಯನಾ ಥ್ಯಾಂಕ್ಸ್ ಹೇಳಿ ಇಟ್ಟಳು. ಶಾರದ ಸುಳ್ಳು ಹೇಳಿಲ್ಲ. ಹಾಗಾದರೆ ಕೋಟು ಅಸಲಿ. ಹಾಗಾದರೆ ತನ್ನ ಕಣ್ಣು? ಜೀವ ಇಲ್ಲ ಎಂದು ಕಂಡದ್ದು ಏನನ್ನು? ಲಹರಿ ಕಿವಿಯಲ್ಲಿ ಒಂದು ಮಾತು ಊದಿದಳು, ಅದನ್ನು ಕಣ್ಣಿನಿಂದಲೇ ನೋಡಿದೆ ಎಂದುಕೊಂಡವಳು ತಾನು! ಇಷ್ಟು ವರ್ಷ ಸಾಕ್ಷಿಗಳಿಗೆ 'ಕಂಡದ್ದು ಹೇಳಿ, ಕೇಳಿದ್ದು ಬೇಡ' ಎಂದು ಬೈದ ಬಾಯಿ ಇದೇ.

"ಕೇಸು ಮುಚ್ಚೋದೇನಾ ಮೇಡಂ?" ಮಹದೇವಸ್ವಾಮಿಯ ದನಿಯಲ್ಲಿ ಖುಷಿ ಇತ್ತು.

"ಮುಚ್ಚೋಣ. ಅದಕ್ಕೆ ಮುಂಚೆ ಉಳಿದ ಆರನ್ನೂ ಒಂದ್ಸಲ ನೋಡಿ ಬರೆದುಕೊಳ್ಳೋಣ. ಏಳಕ್ಕೂ ಅರಿಶಿನ ಇತ್ತು, ಆದ್ದರಿಂದ ಇದೂ ಅದೇ ಕಾರ್ಖಾನೆಯದು ಅಂತ ಬರೆದ್ರೆ ವಿಶ್ವನಾಥ್ ಸಾರ್ ಬಾಯಿ ಮುಚ್ಕೋತಾರೆ."

ಆರೂ ಕೋಟುಗಳು ಪಕ್ಕದ ಕೋಣೆಯಲ್ಲಿ ಮರದ ಪೆಟ್ಟಿಗೆಗಳೊಳಗೆ ಮಲಗಿದ್ದವು. ಬೆಳಗ್ಗೆಯಷ್ಟೇ ಲಹರಿ ಅವುಗಳಿಗೆ ರುಜು ಹಾಕಿದ್ದಳು. ಒಂದೊಂದರ ತೋಳನ್ನೂ ಮಗುವಿನ ಕೆನ್ನೆಯಂತೆ ಸವರಿ, 'ಇದು ನನ್ನ ಕೈಯಿಂದಾದದ್ದು' ಎಂದು ಕೋಟಿನ ಒಳಗೆ ಹೊಲಿದ ಬಟ್ಟೆಪಟ್ಟಿಯ ಮೇಲೆ ಬರೆದಿದ್ದನ್ನು ನಯನಾ ನಿಂತು ನೋಡಿದ್ದಳು. 'ಉದುರೆಲೆ'ಯ ಮುಂದೆ ಬಂದಾಗ ಮಾತ್ರ ಪೆನ್ನು ಕೆಳಗಿಟ್ಟು, ತಲೆನೋವು ಎಂದು ಮಹಡಿ ಹತ್ತಿದವಳು ಇನ್ನೂ ಇಳಿದಿರಲಿಲ್ಲ.

ದಿಲೀಪ್ ಪೆಟ್ಟಿಗೆಗಳಿಗೆ ಅಡ್ಡ ನಿಂತ. "ಏನ್ ಮೇಡಂ ಇದು? ಪ್ಯಾಕ್ ಆಗಿರೋದನ್ನ ತೆಗೀಬೇಕಾ? ಮುಟ್ಟಿದಷ್ಟೂ ಉಣ್ಣೆ ಹಾಳಾಗುತ್ತೆ. ಇವುಗಳ ಮೇಲೆ ಯಾರ ದೂರೂ ಇಲ್ವಲ್ಲ."

"ಇಲ್ಲ. ಅದಕ್ಕೇ ಯಾರೂ ನೋಡಿಲ್ಲ. ತೆಗೆಸಿ."

ಮೊದಲನೆಯದು ಕಪ್ಪು ಜಾಕೆಟ್ಟು, ಮೈಯೆಲ್ಲ ಇಬ್ಬನಿ ಹೆಪ್ಪುಗಟ್ಟಿದಂಥ ಬಿಳಿ ಕಸೂತಿ. ನಯನಾ ಕಾಲರ್ ಎತ್ತಿದಳು. ಕಪ್ಪು ಉಣ್ಣೆ, ಬಿಳಿ ರೇಷ್ಮೆ. ಬೇರೇನೂ ಇಲ್ಲ.

"ಇನ್ನೊಂದು ಮೂಲೆ ನೋಡಿ," ಎಂದಳು ಶಾರದ.

ಇನ್ನೊಂದು ಮೂಲೆಯಲ್ಲೂ ಇರಲಿಲ್ಲ.

ಕೊಯ್ಲಾದ ರಾಗಿ ಹೊಲದ ಕೂಳೆಯಂತೆ ನೂಲಿನ ತುದಿಗಳು ಎದ್ದು ನಿಂತ ಗಿಡ್ಡ ಕೋಟು. ಇಲ್ಲ. ಚಾಮುಂಡಿ ಬೆಟ್ಟದ ಮೇಲೆ ಬೆಳಗಿನ ಮಂಜು ಕೂತ ಹಾಗೆ ಪದರ ಪದರವಾದ ಬೂದು ನಿಲುವಂಗಿಗೆ ಕಾಲರೇ ಇರಲಿಲ್ಲ. "ಇದಕ್ಕೆ ಟೋಪಿ ಒಳಗೆ ಹಚ್ಚಿದ್ದೆ," ಎಂದು ಶಾರದ ತಾನೇ ಬಗ್ಗಿ, ಟೋಪಿಯನ್ನು ಹೊರಮಗ್ಗುಲಾಗಿಸಿದಳು. ಬೆರಳಿನಿಂದ ತಡವಿದಳು. ಮತ್ತೆ ತಡವಿದಳು.

"ದಿಲೀಪ್, ಇವನ್ನ ತೊಳೆಸಿದ್ರಾ? ಡ್ರೈ ಕ್ಲೀನಿಂಗ್ ಏನಾದ್ರೂ?"

"ಹೊಸ ಕೋಟನ್ನ ಯಾರಾದ್ರೂ ತೊಳೆಸ್ತಾರಾ ಮೇಡಂ?" ಅವನು ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದ. "ಏನನ್ನ ಹುಡುಕ್ತಿದೀರಿ ಅಂತಾದ್ರೂ ಹೇಳಿ."

ನಯನಾ ಉಳಿದವುಗಳನ್ನೂ ಒಂದೊಂದಾಗಿ ತೆಗೆಸಿದಳು. ಕೊನೆಯದನ್ನು ಕಿಟಕಿಯ ಬಿಸಿಲಿಗೇ ಹಿಡಿದು ನೋಡಿದಳು. ಕಾಲರ್ ಅಡಿ ಹೊಲಿಗೆ ಅಚ್ಚುಕಟ್ಟಾಗಿತ್ತು. ಅರಿಶಿನ ಎಂದೂ ಮುಟ್ಟಿಲ್ಲದ, ಯಾರ ಮೈಗೂ ತಾಕಿಲ್ಲದ ಹೊಚ್ಚ ಹೊಸ ಬಟ್ಟೆ.

ಎಲ್ಲರ ಕಣ್ಣೂ ನಡುಮನೆಯ ಒಂದೇ ಕೋಟಿನ ಮೇಲಿತ್ತು. ಕಳುವಾಗಿದೆ ಎಂದದ್ದು ಕಳುವಾಗಿರಲಿಲ್ಲ. ಕಳುವಾದದ್ದು ಉಳಿದ ಆರು.

"ದೇವರಾಣೆ ಹಚ್ಚಿದ್ದೆ," ಶಾರದ ನೆಲದ ಮೇಲೆ ಕೂತುಬಿಟ್ಟಿದ್ದಳು. "ಮಕ್ಕಳಾಣೆಗೂ ಹಚ್ಚಿದ್ದೆ."

"ಗೊತ್ತು ಶಾರದಮ್ಮ. ನೀವು ಸುಳ್ಳು ಹೇಳ್ತಿಲ್ಲ."

ಆಗ ಶಾರದಳಿಗೆ ಅರ್ಥವಾಯಿತು. ನಿಧಾನವಾಗಿ ತಲೆ ಎತ್ತಿದಳು. "ಬಾಯಿ ಮುಚ್ಕೊಂಡಿದ್ರೆ ಒಂದು ಕೋಟಿನ ಮಾತಾಗಿತ್ತು. ನಾನೇ ಬಾಯಿ ಬುಟ್ಟು ಆರು ಮಾಡ್ಬುಟ್ನಲ್ಲ. ಬೀಗದ ಕೈ ನಮ್ಮೋರ ತಾವೇ ಇತ್ತು." ಅವಳು ನಯನಾಳ ಮಣಿಕಟ್ಟು ಹಿಡಿದಳು. "ನಾನು ಏನೂ ಹೇಳ್ಲಿಲ್ಲ ಅನ್ಕೊಂಬುಡಿ ಮೇಡಂ. ನೀವೂ ಏನೂ ನೋಡ್ಲಿಲ್ಲ."

ನಯನಾ ಬಾಯಿ ತೆರೆಯುವಷ್ಟರಲ್ಲಿ ಫೋನು ಮತ್ತೆ ನಡುಗಿತು. ವಿಶ್ವನಾಥ್.

"ಏನಾಯ್ತ್ರೀ? ಕೋಟು ಅಸಲಿನೋ ನಕಲಿನೋ? ಒಂದು ಮಾತು ಹೇಳಿ, ನಾನು ಕೋರ್ಟಿಗೆ ಹೊರಟೆ."

"ಸಾರ್, ಒಂದ್ನಿಮಿಷ..."

ಮಹಡಿಯ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ನಯನಾ ಫೋನನ್ನು ಎದೆಗೆ ಒತ್ತಿಕೊಂಡು, ಕೋಣೆಯ ಬಾಗಿಲು ಎಳೆದು, ನಡುಮನೆಗೆ ಬಂದಳು. ಶಾರದ ಅವಳ ಹಿಂದೆಯೇ ಬಂದಳು, ಮಣಿಕಟ್ಟು ಬಿಡದೆ.

ಲಹರಿ ಕೆಳಗಿಳಿದು ಬಂದಿದ್ದಳು. ಮುಖ ತೊಳೆದುಕೊಂಡಿದ್ದಳು, ತಲೆ ಬಾಚಿದ್ದಳು. ನಾಲ್ಕು ದಿನದಿಂದ ಕಾಣದಿದ್ದ ಒಂದು ನೆಮ್ಮದಿ ಮುಖದಲ್ಲಿತ್ತು. ಸೀದಾ 'ಉದುರೆಲೆ'ಯ ಹತ್ತಿರ ಹೋಗಿ, ಪಟ್ಟಿಯನ್ನು ಹೊರಗೆಳೆದು, ಬಗ್ಗಿ ರುಜು ಹಾಕಿದಳು.

"ತಪ್ಪು ನನ್ನದೇ ನಯನಾ," ಎಂದಳು, ಪೆನ್ನಿನ ಮುಚ್ಚಳ ಹಾಕುತ್ತಾ. "ಕೆಲಸದ ಒತ್ತಡದಲ್ಲಿ ಏನೇನೋ ಅನ್ನಿಸಿಬಿಡ್ತು. ಇದು ನನ್ನ ಕೋಟೇ. ದೂರು ವಾಪಸ್ ತಗೊಳ್ತೀನಿ. ಪಾಪ, ಮಂಟೇಸ್ವಾಮಿನ ಈಗಲೇ ಮನೆಗೆ ಕಳಿಸಿಬಿಡಿ. ಶಾರದಾ, ಕ್ಷಮಿಸು ಕಣಮ್ಮ. ವ್ಯಾನು ಬಂತಾ? ಏಳೂ ಒಟ್ಟಿಗೆ ಹೊರಡಲಿ."

ಅರಿಶಿನದ ಸುದ್ದಿ ಅವಳಿಗೆ ಯಾರೂ ಹೇಳಿರಲಿಲ್ಲ. ಆ ಆರನ್ನೂ ತನ್ನವೇ ಎಂದು ಬೆಳಗ್ಗೆ ರುಜು ಹಾಕಿದವಳೂ, ನಾಲ್ಕು ದಿನ ಎಲ್ಲರ ಕಣ್ಣು ಈ ಒಂದರ ಮೇಲೇ ಇರುವಂತೆ ಮಾಡಿದವಳೂ ಇವಳೇ.

ಗೇಟಿನ ಹತ್ತಿರ ವ್ಯಾನು ಹಾರ್ನ್ ಮಾಡಿತು. ಶಾರದ ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದು, ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು: "ಹೂಂ ಅಂದ್ಬುಡಿ ಮೇಡಂ. ಅಷ್ಟೇ. ಹೂಂ ಅಂದ್ಬುಡಿ."

ನಯನಾ ಫೋನನ್ನು ಕಿವಿಗೆ ಹಿಡಿದಳು.

"ಹಲೋ? ಹಲೋ? ಏನ್ರೀ ನಯನಾ, ಇದ್ದೀರಾ? ಆ ಮನುಷ್ಯನ್ನ ಬಿಡೋದೋ, ಒಳಗೆ ಹಾಕೋದೋ?"